ಕಾಯುವ ಶಾಲೆ

ಎರಡು ಗೆರೆಗಳು ಒಂದರ ಮೇಲೊಂದು ಮಲಗಿಬಿಟ್ಟಿದ್ದವು. ನೀಲಿ ಗೆರೆ ಓದಿನ ಗಂಟೆ ನಡೆದ ಶಾಲೆಗಳದ್ದು, ಕೆಂಪು ಗೆರೆ ನಡೆಯದ ಶಾಲೆಗಳದ್ದು. ಎರಡು ವರ್ಷದ ಹಿಂದೆ ಒಂದೇ ಜಾಗದಿಂದ ಹೊರಟು, ಜಗಳವಾಡದ ಅಣ್ಣತಮ್ಮಂದಿರ ಹಾಗೆ ಜೊತೆಜೊತೆಗೇ ಹತ್ತಿ, ಕೊನೆಗೂ ಒಂದೇ ಕಡೆ ಬಂದು ನಿಂತಿದ್ದವು. ಅವನು ಕಂಪ್ಯೂಟರಿನ ಪರದೆಯನ್ನು ಅಂಗಿಯ ತುದಿಯಿಂದ ಒರೆಸಿದ. ಧೂಳು ಹೋಯಿತು, ಗೆರೆಗಳು ಕದಲಲಿಲ್ಲ.

"ಏನಯ್ಯಾ ಸರಾಸರಿ, ಇನ್ನೊಂದು ಗೆರೆ ಎಲ್ಲಿ ಹೋಯ್ತು?" ನಿರ್ದೇಶಕರು ಯಾವಾಗಲೋ ಬೆನ್ನ ಹಿಂದೆ ಬಂದು ನಿಂತಿದ್ದರು.

"ಎಲ್ಲೂ ಹೋಗಿಲ್ಲ ಸಾರ್. ಇದರ ಕೆಳಗೇ ಇದೆ."

"ಅಂದ್ರೆ?"

"ಅಂದ್ರೆ... ವ್ಯತ್ಯಾಸ ಇಲ್ಲ."

ಸಂಶೋಧನಾ ಕೇಂದ್ರದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಸರಾಸರಿ ಎಂದೇ. ಎತ್ತರ ಸರಾಸರಿ, ಸಂಬಳ ಸರಾಸರಿ, ಸಿಟ್ಟು ಕೂಡ ಸರಾಸರಿ. ಕ್ಯಾಂಟೀನಿನ ಟೀ ಹೇಗಿದೆ ಎಂದು ಕೇಳಿದರೂ "ನಿನ್ನೆ ಮೊನ್ನೆಯದೆಲ್ಲ ಸೇರಿಸಿದ್ರೆ ಪರವಾಗಿಲ್ಲ" ಅನ್ನುವ ಜಾಯಮಾನ. ನಿರ್ದೇಶಕರಿಗೂ ಬೆನ್ನ ಹಿಂದೆ ಒಂದು ಹೆಸರಿತ್ತು: ಮುನ್ನುಡಿ. ಕೇಂದ್ರದಿಂದ ಹೊರಬೀಳುವ ಪ್ರತಿ ವರದಿಗೂ ಮುನ್ನುಡಿ ಬರೆಯುವವರು ಅವರೇ. ಮುನ್ನುಡಿಯಿಂದ ಮುಂದಕ್ಕೆ ಅವರು ಓದಿದ್ದನ್ನು ಕಂಡವರಿರಲಿಲ್ಲ.

ಓದಿನ ಗಂಟೆ ಎಂಬುದು ದೊಡ್ಡ ವಿದ್ಯೆಯೇನಲ್ಲ. ಮೂರರಿಂದ ಐದನೇ ತರಗತಿಯ ಮಕ್ಕಳು ಬೆಳಗಿನ ಮೊದಲ ಒಂದು ಗಂಟೆ ತಮ್ಮ ತರಗತಿಯಲ್ಲಿ ಕೂರದೆ, ತಮಗೆ ಎಷ್ಟು ಓದಲು ಬರುತ್ತದೋ ಆ ಗುಂಪಿನಲ್ಲಿ ಕೂರುವುದು. ಅಕ್ಷರದ ಗುಂಪು, ಪದದ ಗುಂಪು, ವಾಕ್ಯದ ಗುಂಪು, ಕಥೆಯ ಗುಂಪು. ಅಕ್ಷರ ಬಂತೋ, ಎದ್ದು ಪದಕ್ಕೆ ಹೋಗು. ಅಷ್ಟೇ. ಇದು ಫಲ ಕೊಡುತ್ತದೆಯೇ ಎಂದು ನೋಡಲು ಒಂದಷ್ಟು ಶಾಲೆಗಳನ್ನು ಆರಿಸಿ, ಚೀಟಿ ಎತ್ತಿ, ಅರ್ಧಕ್ಕೆ ಓದಿನ ಗಂಟೆ ಕೊಟ್ಟಿದ್ದರು. ಉಳಿದರ್ಧ ಎರಡು ವರ್ಷ ಏನೂ ಹೊಸದು ಮಾಡದೆ ಹಳೆಯ ರೀತಿಯಲ್ಲೇ ಇರಬೇಕು. ವರದಿಯಲ್ಲಿ ಅವುಗಳ ಹೆಸರು ಹೋಲಿಕೆ ಶಾಲೆಗಳು. ಮೇಷ್ಟ್ರುಗಳ ಬಾಯಲ್ಲಿ ಕಾಯೋ ಶಾಲೆಗಳು.

"ಎರಡು ಕಡೆನೂ ಏರಿದೆ ಸಾರ್. ಅದೂ ಜೋರಾಗಿ. ಏನೂ ಮಾಡದೇ ಇರೋ ಶಾಲೇಲಿ ಇಷ್ಟು ಯಾಕೆ ಏರಬೇಕು?"

"ಮಳೆ ಊರಿಗೆಲ್ಲ ಬಂದಿದೆ ಕಣಯ್ಯಾ. ಬೆಳೆ ಬಂದಿದ್ದು ನಮ್ಮ ಕೊಡದ ನೀರಿಂದ ಅಂತ ಹೇಳೋಕಾಗುತ್ತಾ?" ನಿರ್ದೇಶಕರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ತಿಕ್ಕಿಕೊಂಡರು. "ಗುರುವಾರ ಕಾರ್ಯದರ್ಶಿಗಳ ಜೊತೆ ಸಭೆ. ಪರಿಣಾಮ ಕಂಡುಬಂದಿಲ್ಲ, ಹೆಚ್ಚಿನ ಸಂಶೋಧನೆ ಅಗತ್ಯ ಅಂತ ಬರಿ."

ಆ ಕೊನೆಯ ಸಾಲು ಕೇಂದ್ರದ ವರದಿಗಳಿಗೆ ಕಾಗದದ ಕೊನೆಯ 'ಇಂತಿ ನಿಮ್ಮ' ಇದ್ದ ಹಾಗೆ. ಯಾವ ವಿಷಯವೇ ಇರಲಿ, ಅದಿಲ್ಲದೆ ವರದಿ ಮುಗಿಯುತ್ತಿರಲಿಲ್ಲ; ಅದಿದ್ದುದರಿಂದ ಕೇಂದ್ರವೂ ಮುಗಿದಿರಲಿಲ್ಲ. ಆದರೆ ಈ ಸಲ ಆ ಸಾಲಿನ ಅರ್ಥ ಬೇರೆ. ಮುಂದಿನ ವರ್ಷ ಓದಿನ ಗಂಟೆಯನ್ನು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೂ ಕೊಡಬೇಕೋ, ಇರುವ ಕಡೆಯೂ ನಿಲ್ಲಿಸಬೇಕೋ ಎಂಬುದು ಗುರುವಾರವೇ ತೀರ್ಮಾನವಾಗುವುದಿತ್ತು. ಅವನು ಒಂದು ಶಾಲೆಯಲ್ಲಿ, ಐದನೇ ತರಗತಿಯ ಉದ್ದನೆಯ ಹುಡುಗಿಯೊಬ್ಬಳು ಪುಟ್ಟ ಮಕ್ಕಳ ನಡುವೆ ಅಕ್ಷರದ ಗುಂಪಿನಲ್ಲಿ ಮೊಣಕಾಲು ಮಡಚಿಕೊಂಡು ತಲೆ ತಗ್ಗಿಸಿ ಕೂತದ್ದನ್ನು ನೋಡಿದ್ದ. ಆರು ತಿಂಗಳ ಮೇಲೆ ಹೋದಾಗ ಅವಳು ಕಥೆಯ ಗುಂಪಿನಲ್ಲಿದ್ದಳು, ಮತ್ತು ಅವನ ಮುಖ ನೋಡಲೂ ಅವಳಿಗೆ ಪುರುಸೊತ್ತಿರಲಿಲ್ಲ. ಆ ಹುಡುಗಿ ಯಾವ ಗೆರೆಯ ಕೆಳಗೆ ಸಿಕ್ಕಿಬಿದ್ದಿದ್ದಾಳೆ ಎಂದು ಅವನು ಪರದೆಯನ್ನೇ ನೋಡುತ್ತ ಕೂತ.

ಸಂಜೆ ಅವನು ತನ್ನ ಕೋಣೆಗೆ ಹೋಗದೆ ಅಣ್ಣನ ಮನೆಗೆ ಹೋದ. ಅಣ್ಣ ಪಾಳಿ ಕೆಲಸಕ್ಕೆ ಹೋಗಿದ್ದ. ಅತ್ತಿಗೆ ಅಡುಗೆಮನೆಯ ಮೇಜಿನ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದರು. ಅವರು ಪ್ರಾಥಮಿಕ ಶಾಲೆಯ ಟೀಚರ್; ಅವರ ಶಾಲೆ ಚೀಟಿಯಲ್ಲಿ ಕಾಯುವ ಕಡೆಗೆ ಬಿದ್ದಿತ್ತು. ಅವನು ಕಾಲೇಜು ಓದಿದ್ದೆಲ್ಲ ಇದೇ ಮನೆಯಲ್ಲಿ ಇದ್ದುಕೊಂಡು. ಪರೀಕ್ಷೆಯ ದಿನಗಳಲ್ಲಿ ಮುಖಕ್ಕೆ ನೀರೆರಚಿ ಎಬ್ಬಿಸುತ್ತಿದ್ದವರು ಇವರೇ.

"ಬಾರೋ ಸರಾಸರಿ. ಮುಖ ಯಾಕೆ ಫೇಲಾದವನ ಥರ ಮಾಡ್ಕೊಂಡಿದ್ದೀಯ?"

"ಫೇಲಾಗಿದ್ದು ನಾನಲ್ಲ ಅತ್ತಿಗೆ. ಓದಿನ ಗಂಟೆ."

ಸಭೆಗೆ ಮುಂಚೆ ಹೊರಗಿನವರಿಗೆ ಹೇಳಬಾರದಿತ್ತು. ಆದರೆ ಆ ಮನೆಯಲ್ಲಿ ಹೊರಗಿನವರು, ಒಳಗಿನವರು ಎಂಬ ಬಾಗಿಲೇ ಅವನಿಗಿರಲಿಲ್ಲ.

"ಫೇಲಾ? ಅದು ಹೆಂಗೆ ಫೇಲಾಗುತ್ತೆ?"

"ಮಾಡಿದ ಶಾಲೆಗಳು ಎಷ್ಟು ಏರಿವೆಯೋ ಕಾಯೋ ಶಾಲೆಗಳೂ ಅಷ್ಟೇ ಏರಿವೆ. ಏನೂ ಮಾಡದೇ ಇದ್ದವರೂ ಪಾಸು ಅಂದ್ಮೇಲೆ ಮಾಡಿದ್ದಕ್ಕೆ ಏನು ಬೆಲೆ? ಗುರುವಾರ ನಿಲ್ಲಿಸಿಬಿಡ್ತಾರೆ."

ಅತ್ತಿಗೆಯ ಬೆರಳುಗಳು ನಿಲ್ಲಲಿಲ್ಲ. ಆದರೆ ಈಗ ಕಾಳುಗಳು ಸಿಪ್ಪೆಯ ಬುಟ್ಟಿಗೆ ಬೀಳುತ್ತಿದ್ದವು, ಸಿಪ್ಪೆ ಪಾತ್ರೆಗೆ.

"ಏನೂ ಮಾಡದೇ ಇದ್ದವರು ಅಂತ ಯಾರು ಹೇಳಿದ್ದು ನಿಂಗೆ?"

"ನಿಮ್ಮ ಶಾಲೆನೇ ಹೇಳಿದ್ದು. ಎರಡು ವರ್ಷ ಹೊಸದೇನೂ ಮಾಡಲ್ಲ ಅಂತ ನಿಮ್ಮ ಹೆಡ್‌ಮಾಸ್ಟ್ರು ಬರ್ಕೊಟ್ಟಿದ್ದಾರಲ್ಲ."

"ಹೆಡ್‌ಮಾಸ್ಟ್ರು ಬರ್ಕೊಟ್ರು. ನಾನು ಬರ್ಕೊಟ್ನಾ?"

ಅವನು ಕುರ್ಚಿ ಎಳೆದುಕೊಂಡು ಕೂತ. ಅತ್ತಿಗೆ ತಪ್ಪಾಗಿ ಬಿದ್ದ ಕಾಳುಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು, ಹೆಕ್ಕುತ್ತಲೇ ಹೇಳಿದರು. ತಿಂಗಳಿಗೊಮ್ಮೆ ಶಿಕ್ಷಕರ ಸಭೆ ಇರುತ್ತಲ್ಲ, ಅಲ್ಲಿ ಓದಿನ ಗಂಟೆ ಸಿಕ್ಕಿದ ಶಾಲೆಯ ಗೆಳತಿಯೊಬ್ಬಳು ಬರ್ತಾಳೆ. ಟೀಗೆ ಬಿಟ್ಟಾಗ ಎಲ್ಲ ತೋರಿಸಿದಳು.

"ಟೀ ಜೊತೆ ಬಿಸ್ಕತ್ತು ಕೊಟ್ಟ ಹಾಗೆ ಕೊಟ್ಟಳು ಕಣೋ. ಬೇಡ, ನಾವು ಕಾಯೋರು, ನಮ್ಮ ಮೈದುನ ಎತ್ತಿದ ಚೀಟಿಗೆ ನಮ್ಮ ಮುಖ ಹಿಡಿಸ್ಲಿಲ್ಲ ಅನ್ನಲಾ? ಮಾರನೇ ದಿನಾನೇ ಶುರು ಮಾಡಿದೆ."

"ನಮ್ಮವರು ಪರೀಕ್ಷೆ ಮಾಡೋಕೆ ಬಂದಾಗ ಯಾರಿಗೂ ಕಾಣಲಿಲ್ವಲ್ಲ!"

"ಕಾಣಬಾರದು ಅಂತಲೇ... ಆವತ್ತು ಮಾತ್ರ ನಿಮ್ಮ ನಿಮ್ಮ ಕ್ಲಾಸಲ್ಲೇ ಕೂತ್ಕೊಳ್ಳಿ ಅಂತ ಮಕ್ಕಳಿಗೆ ಹೇಳಿದ್ದೆ." ಅತ್ತಿಗೆ ತಲೆ ಎತ್ತಲಿಲ್ಲ. "ಇವತ್ತು ಯಾಕೆ ಮಿಸ್ ಹಳೇ ಥರ ಅಂತ ಒಬ್ಬಳು ಕೇಳಿದ್ಲು. ಅದೊಂದು ಮಾತ್ರ ನಂಗೆ ನುಂಗೋಕಾಗ್ಲಿಲ್ಲ."

ಅವನ ಸಿಟ್ಟು ಅಂದು ಸರಾಸರಿ ದಾಟಿತು. "ಏನು ಮಾಡಿದ್ರಿ ಗೊತ್ತಾ ಅತ್ತಿಗೆ ನೀವು? ನಿಮ್ಮ ಒಂದು ಶಾಲೆಗೆ ಒಳ್ಳೇದು ಮಾಡೋಕೆ ಹೋಗಿ ಇಡೀ ರಾಜ್ಯದ ಮಕ್ಕಳ ಬಾಯಿಗೆ ಮಣ್ಣು ಹಾಕಿದ್ರಿ. ನೀವು ಸುಮ್ನೆ ಇದ್ದಿದ್ರೆ ಈ ವರ್ಷ ಎಲ್ಲರಿಗೂ ಸಿಗ್ತಿತ್ತು!"

"ಎರಡು ವರ್ಷ ಕಾಯೋಕೆ ಮೂರನೇ ಕ್ಲಾಸ್ ಮಕ್ಕಳು ಅಲ್ಲೇ ನಿಂತಿರ್ತಾವೇನೋ? ಕಾಯೋದು ಶಾಲೆ. ಮಕ್ಕಳು ಐದು ಮುಗಿಸಿ ಹೊರಟೋಗ್ತಾವೆ."

ಈ ಮಾತಿಗೆ ಅವನಲ್ಲಿ ಉತ್ತರವಿತ್ತು. ಎಲ್ಲರಿಗೂ ಒಮ್ಮೆಗೇ ಕೊಡಲು ಸರ್ಕಾರದಲ್ಲಿ ದುಡ್ಡಿಲ್ಲದಿದ್ದಾಗ ಚೀಟಿ ಎತ್ತುವುದೇ ನ್ಯಾಯ, ಫಲವಿಲ್ಲದ್ದನ್ನು ಎಲ್ಲರ ತಲೆಗೂ ಕಟ್ಟುವುದು ಅನ್ಯಾಯ ಎಂದು ಅವನೇ ಎಷ್ಟೋ ತರಬೇತಿಗಳಲ್ಲಿ ಹೇಳಿದ್ದ. ಸುಳ್ಳೂ ಅಲ್ಲ ಅದು. ಆದರೂ ಅವನು ಮೇಜಿನ ಮೇಲೆ ಉರುಳಿದ ಕಾಳೊಂದನ್ನು ಹೆಕ್ಕಿ ಪಾತ್ರೆಗೆ ಹಾಕಿದ.

ಅತ್ತಿಗೆಯೇ ಕೇಳಿದರು. "ಈಗ ಹೋಗಿ ಹೇಳಿದ್ರೆ ಉಳಿಯುತ್ತಾ?"

"ಉಳಿದರೂ ಉಳೀಬಹುದು."

"ಹೇಳು ಹಾಗಾದ್ರೆ. ಆದ್ರೆ ನನ್ನ ಹೆಸರು ಬರಬಾರ್ದು. ಹೆಡ್‌ಮಿಸ್ಟ್ರೆಸ್ ಬಡ್ತಿ ಪಟ್ಟಿ ಇನ್ನೇನು ಬರೋದ್ರಲ್ಲಿದೆ. ಈ ಸಲ ತಪ್ಪಿದ್ರೆ ನಾನು ಹಂಗೇ ನಿವೃತ್ತಿ ಆಗೋದೇ. ಮಾತು ಕೊಡು."

"ಕೊಟ್ಟೆ."

ಒಂದೇ ಶಾಲೆಯಿಂದ ಇಡೀ ಕೆಂಪು ಗೆರೆ ಏರದು ಎಂದು ಹೊಳೆದು, ಮರುದಿನದಿಂದ ಅವನು ದಿನಕ್ಕೆ ಒಂದೆರಡರಂತೆ ಬೇರೆ ಕಾಯೋ ಶಾಲೆಗಳಿಗೆ ಹೊರಟ. ಹೇಳದೆ ಕೇಳದೆ, ಬೆಳಗಿನ ಮೊದಲ ಗಂಟೆಗೇ ಸರಿಯಾಗಿ. ಮೊದಲ ಶಾಲೆಯಲ್ಲಿ ಮಕ್ಕಳು ತಂತಮ್ಮ ತರಗತಿಯಲ್ಲೇ ಕೂತು ಮಗ್ಗಿ ಕೂಗುತ್ತಿದ್ದರು. ಅವನಿಗೆ ಸಂಕಟವೂ ಸಮಾಧಾನವೂ ಒಟ್ಟಿಗೇ ಆಯಿತು. ಎರಡನೆಯದರ ಜಗಲಿಯಲ್ಲಿ ಉದ್ದದವರು, ಗಿಡ್ಡದವರು, ಹಲ್ಲು ಬಿದ್ದವರು, ಹೊಸ ಹಲ್ಲು ಬಂದವರು ಒಂದೇ ವೃತ್ತದಲ್ಲಿ ಕೂತು ಪದ ಜೋಡಿಸುತ್ತಿದ್ದರು. ಅವನನ್ನು ಕಂಡ ಮೇಷ್ಟ್ರು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು, ಬೀಡಿ ಸೇದುವಾಗ ಸಿಕ್ಕಿಬಿದ್ದವರ ಹಾಗೆ.

"ಇದು ಓದಿನ ಗಂಟೆ ಅಲ್ಲ ಸಾರ್."

"ಮತ್ತೇನು?"

"ಇದಾ? ಇದು... ಬೆಳಗಿನ ಗಂಟೆ."

"ಬೆಳಗಿನ ಗಂಟೇಲಿ ಏನು ಮಾಡ್ತೀರಾ?"

ಮೇಷ್ಟ್ರು ಎತ್ತಲೋ ನೋಡಿದರು. "ಓದಿಸ್ತೀವಿ."

ಮುಂದಿನ ಶಾಲೆಯಲ್ಲಿ ಅದರ ಹೆಸರು ಜೋಡಿ ಆಟ. ಅದರ ಮುಂದಿನದರಲ್ಲಿ ಹೆಸರೇ ಇಲ್ಲ, ಹೆಸರಿಟ್ಟರಲ್ಲವೇ ಸಿಕ್ಕಿಬೀಳುವುದು. ಕೇಳಿದವರೆಲ್ಲ ಕೊನೆಗೆ ಹೇಳಿದ್ದು ಒಂದೇ ಮಾತು: "ನಾವೊಬ್ರೇ ಅಂದ್ಕೊಂಡಿದ್ವಿ ಸಾರ್. ಒಂದು ಶಾಲೆಯಿಂದ ಏನು ಮಹಾ ಆಗುತ್ತೆ ಅಂತ..." ಸಂಶೋಧನೆಯ ಎರಡು ಬಗೆಯ ಶಾಲೆಗಳ ನಡುವೆ ಎತ್ತರದ ಗೋಡೆ ಕಟ್ಟಿದ್ದೇವೆ ಎಂದು ಕೇಂದ್ರದವರು ನಂಬಿದ್ದರು. ಗೋಡೆಯ ಬುಡದಲ್ಲಿ ತಿಂಗಳಿಗೊಮ್ಮೆ ಟೀ ಸೋರುತ್ತಿತ್ತು.

ವಿಷಯ ಕೇಳಿದ ನಿರ್ದೇಶಕರು ಎದ್ದುಹೋಗಿ ತಮ್ಮ ಕೋಣೆಯ ಬಾಗಿಲು ಹಾಕಿ ಬಂದರು.

"ಇದನ್ನ ಸಭೇಲಿ ಹೇಳೋ ಹಾಗಿಲ್ಲ."

"ಹೇಳದಿದ್ರೆ ನಿಲ್ಲಿಸ್ತಾರೆ ಸಾರ್. ಅದು ಕೆಲಸ ಮಾಡಲ್ಲ ಅಂತ ನಾವು ತೋರಿಸಿಲ್ಲ. ಎಲ್ಲರೂ ಮಾಡಿದ್ರು ಅಂತ ತೋರಿಸಿದ್ದೀವಿ."

"ಸೊನ್ನೆ ಅನ್ನೋದು ಫಲಿತಾಂಶ ಕಣಯ್ಯಾ. ಅಧ್ಯಯನ ಕೆಟ್ಟೋಗಿದೆ ಅನ್ನೋದು ಅವಮಾನ. ಎರಡಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ಚಿಕ್ಕವನಲ್ಲ ನೀನು." ಆಮೇಲೆ ದನಿ ತಗ್ಗಿಸಿದರು. ಅದರಲ್ಲಿ ನಿಜವಾದ ದಣಿವಿತ್ತು. "ನಾಳೆಯಿಂದ ಯಾರು ನಮ್ಮ ಅಂಕಿ ನಂಬ್ತಾರೆ? ಮುಂದಿನ ಒಳ್ಳೇ ಕೆಲಸಕ್ಕೆ ಯಾರು ದುಡ್ಡು ಕೊಡ್ತಾರೆ?"

ಗುರುವಾರದ ಸಭೆ ಉದ್ದನೆಯ ಮೇಜಿನ ಸುತ್ತ ನಡೆಯಿತು. ಶಿಕ್ಷಣ ಕಾರ್ಯದರ್ಶಿ ಕಡಿಮೆ ಮಾತಿನ ಮನುಷ್ಯ. ಎದುರಿಗಿಟ್ಟ ವರದಿಯ ದಪ್ಪವನ್ನು ಹೆಬ್ಬೆರಳಿನಿಂದ ಅಳೆದು ಪಕ್ಕಕ್ಕೆ ಸರಿಸಿದರು.

"ನಾಳೆ ನಾನು ಬಜೆಟ್ಟಿಗೆ ಬರ್ಕೊಡಬೇಕು. ಒಂದೇ ಮಾತಲ್ಲಿ ಹೇಳಿ. ಬೇಕೋ, ಬೇಡ್ವೋ?"

"ಪರಿಣಾಮ ಕಂಡುಬಂದಿಲ್ಲ ಸಾರ್," ಅಂದರು ನಿರ್ದೇಶಕರು. "ಹೆಚ್ಚಿನ ಸಂಶೋಧನೆ..."

"ಸಾರ್, ಅದು ಪೂರ್ತಿ ಸರಿ ಅಲ್ಲ."

ಮೇಜಿನ ಕೊನೆಯಿಂದ ಬಂದ ದನಿ ತನ್ನದೇ ಎಂದು ಅವನಿಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಬಿಸ್ಕತ್ತು ಹಿಡಿದ ಕೈಗಳೆಲ್ಲ ನಿಂತವು. ಅವನು ಜಗಲಿಯ ವೃತ್ತ, ಬೆಳಗಿನ ಗಂಟೆ, ಜೋಡಿ ಆಟ ಎಲ್ಲ ಹೇಳಿದ. ನಿರ್ದೇಶಕರು ಮೇಜಿನ ಮೇಲಿನ ನೀರಿನ ಲೋಟವನ್ನೇ ನೋಡುತ್ತಿದ್ದರು.

"ಯಾವ ಶಾಲೆಗಳು?" ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದರು.

"ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ ಸಾರ್."

"ಹೆಸರಿಲ್ಲ, ಊರಿಲ್ಲ. ಯಾರೋ ಏನೋ ಮಾಡಿದ್ರಂತೆ ಅನ್ನೋದನ್ನ ನಾನು ಬಜೆಟ್ಟಲ್ಲಿ ಬರೀಲಾ? ಯಾರಾದ್ರೂ ಒಬ್ರು, ಹೌದು ನಾನು ಮಾಡಿದೆ, ಇಂಥಾ ದಿನದಿಂದ ಮಾಡಿದೆ ಅಂತ ಒಪ್ಕೊಳ್ಳೋರು ಬೇಕು. ಇಲ್ಲಾಂದ್ರೆ ನನ್ನ ಮುಂದೆ ಇರೋದು ಸೊನ್ನೆ ಒಂದೇ." ಅವರು ಗಡಿಯಾರ ನೋಡಿದರು. "ಹತ್ತು ನಿಮಿಷ ಬಿಡುವು."

ಅವನು ಹೊರಗಿನ ಉದ್ದ ಕಾರಿಡಾರಿಗೆ ಬಂದು ಅತ್ತಿಗೆಗೆ ಫೋನು ಮಾಡಿದ. ಆ ತುದಿಯಲ್ಲಿ ಮಕ್ಕಳ ಗದ್ದಲ.

"ಹೇಳೋ. ಬೇಗ ಹೇಳು. ಇಲ್ಲಿ ಇಬ್ಬರು ಒಂದೇ ಪೆನ್ಸಿಲ್ಲಿಗೆ ಯುದ್ಧ ಮಾಡ್ತಿದ್ದಾರೆ."

ಅವನು ಹೇಳಿದ. ಗದ್ದಲ ಸಣ್ಣದಾಯಿತು, ಅತ್ತಿಗೆ ಜಗಲಿಗೆ ಬಂದಿರಬೇಕು.

"ಬೇರೆ ಯಾರೂ ಇಲ್ವಾ?"

"ಎಲ್ಲರಿಗೂ ನೌಕರಿ ಇದೆ ಅತ್ತಿಗೆ."

"ನಂಗೆ ಇಲ್ವಾ?"

ಕಾರಿಡಾರಿನ ಕೊನೆಯಲ್ಲಿ ಯಾರೋ ನೆಲ ಒರೆಸುತ್ತಿದ್ದರು.

"ಹೇಳದಿದ್ರೆ ನಿಲ್ಲುತ್ತೆ ಅಂತೀಯ."

"ನಿಲ್ಲುತ್ತೆ."

"ನಿಂತ್ರೆ ನಿಲ್ಲಲಿ. ನಮ್ಮಲ್ಲಿ ಹೆಂಗೂ ನಡೆಯುತ್ತೆ, ಬಾಗಿಲು ಹಾಕ್ಕೊಂಡು." ದೂರದಲ್ಲಿ ಒಂದು ಮಗು ಒಂದು ಸಾಲನ್ನು ಮುಗ್ಗರಿಸುತ್ತ ಓದುತ್ತಿತ್ತು. ಎಡವಿತು, ಹಿಂದಕ್ಕೆ ಹೋಯಿತು, ಮತ್ತೆ ಶುರುಮಾಡಿತು. ಕೊನೆಗೂ ಸಾಲು ಮುಗಿಯಿತು.

"ಬರ್ಕೊಡು," ಅಂದರು ಅತ್ತಿಗೆ. "ಇನಿಷಿಯಲ್ ಸರಿಯಾಗಿ ಬರಿ. ನಿನ್ನ ಕೈಬರಹ ನೋಡಿ ನೋಟೀಸು ಇನ್ಯಾರಿಗೋ ಹೋದೀತು."

ಒಳಗೆ ಬಂದು ಅವನು ಹೆಸರು ಹೇಳಿದ. ಹೇಳಿದ ಮೇಲೆ, ಹೇಳಲೇಬೇಕಾದ ಇನ್ನೊಂದನ್ನೂ ಹೇಳಿದ. "ಅವರು ನನ್ನ ಅತ್ತಿಗೆ ಸಾರ್. ಸ್ವಂತ ಅಣ್ಣನ ಹೆಂಡತಿ."

"ಚೆನ್ನಾಗಿದೆ!" ನಿರ್ದೇಶಕರು ಲೋಟದಿಂದ ಕಣ್ಣು ಕಿತ್ತರು. "ಮನೆಯವರ ಮಾತನ್ನ ಪುರಾವೆ ಅಂತ ತಂದಿದ್ದಾನೆ. ಸಾರ್, ಇದಕ್ಕೂ ಕೇಂದ್ರಕ್ಕೂ ಸಂಬಂಧ ಇಲ್ಲ."

ಕಾರ್ಯದರ್ಶಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಮನೆಯವರನ್ನ ಉಳಿಸೋಕೆ ಸುಳ್ಳು ಹೇಳಿದೋರನ್ನ ದಿನಾ ನೋಡ್ತೀನಿ," ಅಂದರು. "ಸಿಕ್ಕಿಸೋಕೆ ಸುಳ್ಳು ಹೇಳಿದೋರನ್ನ ನಾನಿನ್ನೂ ನೋಡಿಲ್ಲ." ವರದಿಯ ಮೂಲೆಯಲ್ಲಿ ಹೆಸರು ಬರೆದುಕೊಂಡರು. ಅಂದೇ ಮಧ್ಯಾಹ್ನ ಇಬ್ಬರು ಅಧಿಕಾರಿಗಳನ್ನು ಆ ಶಾಲೆಗೂ ಸುತ್ತಲಿನ ಶಾಲೆಗಳಿಗೂ ಕಳಿಸಿದರು. ಒಬ್ಬರ ಹೆಸರು ಹೊರಬಿದ್ದದ್ದೇ ತಡ, ಉಳಿದ ಜಗಲಿಗಳಲ್ಲೂ ಬಾಯಿಗಳು ಬಿಚ್ಚಿಕೊಂಡವು.

ಆದೇಶ ಬರಲು ತಿಂಗಳಾಯಿತು. ಬಂದಾಗ ಒಂದಲ್ಲ, ಎರಡು ಬಂದವು. ಒಂದೇ ಕಚೇರಿಯಿಂದ, ಒಂದೇ ತಾರೀಖಿನಲ್ಲಿ. ಮೊದಲನೆಯದು ಎಲ್ಲ ಶಾಲೆಗಳಿಗೆ: ಬರುವ ವರ್ಷದಿಂದ ಓದಿನ ಗಂಟೆಯನ್ನು ತಪ್ಪದೆ ನಡೆಸತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ. ಎರಡನೆಯದು ವರದಿಯ ಮೂಲೆಯಲ್ಲಿ ಹೆಸರು ಬಿದ್ದಿದ್ದ ಒಬ್ಬ ಶಿಕ್ಷಕಿಗೆ ಮಾತ್ರ: ಅನುಮತಿ ಇಲ್ಲದೆ ಓದಿನ ಗಂಟೆಯನ್ನು ನಡೆಸಿದ್ದಕ್ಕೆ, ಮತ್ತು ಪರೀಕ್ಷಕರಿಂದ ಅದನ್ನು ಮರೆಮಾಚಿದ್ದಕ್ಕೆ, ಶಿಸ್ತುಕ್ರಮ. ವಿಚಾರಣೆ ಮುಗಿಯುವವರೆಗೆ ಪಾಠ ಮಾಡುವಂತಿಲ್ಲ; ಶಿಕ್ಷಣ ಕಚೇರಿಯಲ್ಲಿ ಹೇಳಿದ ಕೆಲಸ ಮಾಡಿಕೊಂಡಿರಬೇಕು. ಎರಡಕ್ಕೂ ಸಹಿ ಹಾಕಿದ ಕೈ ಒಂದೇ ಆದ್ದರಿಂದ ಅಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಂಡುಬರಲಿಲ್ಲ. ಬಡ್ತಿಯ ಪಟ್ಟಿಯೂ ಅದೇ ವಾರ ಬಂತು. ಅತ್ತಿಗೆ ಅದನ್ನು ತೆರೆದು ನೋಡುವ ತಾಪತ್ರಯವನ್ನೇ ಇಟ್ಟುಕೊಳ್ಳಲಿಲ್ಲವೆಂದು ಅಣ್ಣ ಫೋನಿನಲ್ಲಿ ಹೇಳಿದ. ಅದೊಂದನ್ನು ಹೇಳಿ ಫೋನಿಟ್ಟ. ಊಟಕ್ಕೆ ಬಾ ಅನ್ನಲಿಲ್ಲ.

ಅವನು ಆ ಕಚೇರಿಗೆ ಹೋಗುವಷ್ಟು ಧೈರ್ಯ ಕೂಡಿಸಿಕೊಳ್ಳುವ ಹೊತ್ತಿಗೆ ಶಾಲೆಗಳು ತೆರೆಯುವ ದಿನ ಹತ್ತಿರ ಬಂದಿತ್ತು. ಅತ್ತಿಗೆಯನ್ನು ಹಿಂದಿನ ಉಗ್ರಾಣದಲ್ಲಿ ಕೂರಿಸಿದ್ದರು. ಮುರಿದ ಬೆಂಚುಗಳ ನಡುವೆ ಜಾಗ ಮಾಡಿಕೊಂಡು, ನೆಲದ ಮೇಲೆ ಕಾಲು ಚಾಚಿ, ಅವರು ಹೊಸದಾಗಿ ಅಚ್ಚಾಗಿ ಬಂದ ಓದಿನ ಗಂಟೆಯ ಕೈಪಿಡಿಗಳನ್ನು ಶಾಲೆಗಿಷ್ಟು ಎಂದು ಕಟ್ಟು ಕಟ್ಟುತ್ತಿದ್ದರು. ಸೆರಗಿನ ತುಂಬ ಸೆಣಬಿನ ನಾರು. ಹೊರಗೆ ಲಾರಿಗೆ ಹೊರೆ ಏರಿಸುವ ಸದ್ದು.

ಬಾಗಿಲಲ್ಲಿ ಅವನನ್ನು ಕಂಡರೂ ಅವರು ಕಟ್ಟು ಕಟ್ಟುತ್ತಲೇ ಇದ್ದರು. ಅವನು ಚಪ್ಪಲಿ ಬಿಟ್ಟು ಎದುರಿಗೆ ಕೂತ.

"ಕೋಪ ಇದೆಯಾ ಅತ್ತಿಗೆ?"

"ಇದೆ."

"ನನ್ಮೇಲಾ?"

"ನಿನ್ಮೇಲೂ ಇದೆ. ಎಷ್ಟು ಅಂತ ಲೆಕ್ಕ ಹಾಕೋಕೆ ಕೂರಬೇಡ." ಅವರು ದಾರವನ್ನು ಹಲ್ಲಿನಿಂದ ಕಡಿದರು. "ಇಲ್ಲಿ ಬೆರಳಿಡು."

ಅವನು ಬೆರಳಿಟ್ಟ. ಅತ್ತಿಗೆ ಅದರ ಮೇಲೇ ದಾರ ಬಿಗಿದು, ಕಡೇ ಗಳಿಗೆಯಲ್ಲಿ "ತೆಗಿ" ಅಂದರು. ಒಂದು ಕಟ್ಟಾಯಿತು, ಇನ್ನೊಂದು. ಅವನು ಬೆರಳಿಡುತ್ತ, ತೆಗೆಯುತ್ತ ಹೋದ. ಹೊರೆಯಾಳು ಬಂದು ಒಂದೊಂದು ರಾಶಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ.

ಒಂದು ಕಟ್ಟಿನ ಚೀಟಿಯ ಮೇಲೆ ಅವರ ಶಾಲೆಯ ಹೆಸರಿತ್ತು. ಅತ್ತಿಗೆ ಆ ಕಟ್ಟನ್ನು ಬಿಚ್ಚಿದರು. ಮೇಲಿನ ಕೈಪಿಡಿಯ ಮಡಚಿದ್ದ ಮೂಲೆಯನ್ನು ಉಗುರಿನಿಂದ ತೀಡಿ ನೇರ ಮಾಡಿ, ಮತ್ತೆ ಕಟ್ಟಿದರು. ಹೊರೆಯಾಳು ಕೈ ಚಾಚಿದಾಗ ಕೊಡಲಿಲ್ಲ. ತಾವೇ ಎದ್ದು, ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು, ಹಿಮ್ಮಡಿ ಎತ್ತಿ ನಿಂತು, ಅದನ್ನು ಲಾರಿಯ ರಾಶಿಯ ಎಲ್ಲಕ್ಕಿಂತ ಮೇಲೆ ಇಟ್ಟರು.

"ಮೇಲಿದ್ರೆ ಮೊದಲು ಇಳಿಸ್ತಾರೆ," ಅಂದರು, ಯಾರಿಗೆಂದಲ್ಲದೆ.

ಬಿಸಿಲು ಜೋರಾಗಿತ್ತು. ಲಾರಿ ಹೊರಟು ತಿರುವಿನಲ್ಲಿ ಮರೆಯಾದ ಮೇಲೂ ಅವರು ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡೇ ನಿಂತಿದ್ದರು.